ಕೆರೆಗೂ ಉಸಿರುಂಟು

2016ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಕೆರೆಯಲ್ಲಿ ನೀರಿಗೇನೂ ಕೊರತೆಯಿರಲಿಲ್ಲ. ಕೊಳಚೆ ಸೇರಿ ಆ ನೀರಿನಲ್ಲಿ ಆಮ್ಲಜನಕ ಕುಗ್ಗಿತ್ತೆಂದು ತಿಳಿದವರು ಹೇಳಿದರು. ನೀರಿನಲ್ಲಿದ್ದ ಜೀವಿಗಳು ಉಸಿರುಗಟ್ಟಿ ಸತ್ತವೆಂಬ ಮಾತು ನಮ್ಮನ್ನು ಬಹುಕಾಲ ಕಾಡಿತು.

ನೀರಿನಲ್ಲಿ ಕರಗಿರುವ ಆಮ್ಲಜನಕವೇ ಜಲಚರಗಳ ಪ್ರಾಣವಾಯು. ಒಂದು ಲೀಟರ್ ಗಾಳಿಯಲ್ಲಿ ಸುಮಾರು 280 ಮಿಲಿಗ್ರಾಂ ಆಮ್ಲಜನಕವಿದ್ದರೆ, 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ನೀರಿನಲ್ಲಿ ಕರಗಬಲ್ಲುದು ಸುಮಾರು 9 ಮಿಲಿಗ್ರಾಂ ಮಾತ್ರ. ನೀರು 30 ಡಿಗ್ರಿಗೆ ಕಾದರೆ ಅದು ಏಳೂವರೆಗೆ ಇಳಿಯುವುದು. ಮೀನು ಬಾಳುವ ನೀರಿನಲ್ಲಿ ಲೀಟರಿಗೆ 4 ಮಿಲಿಗ್ರಾಮಾದರೂ ಇರತಕ್ಕದ್ದೆಂಬುದು ನಮ್ಮ ದೇಶದ ಮಾನದಂಡ.

ಇಷ್ಟು ಅಲ್ಪವಾದ ಈ ನಿಧಿ ಬರಿದಾಗುವುದು ಹೇಗೆ? ನೀರಿಗೆ ಬಿದ್ದ ಕೊಳೆಯನ್ನು ಸೂಕ್ಷ್ಮಜೀವಿಗಳು ಜೀರ್ಣಿಸುವಾಗ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಕೊಳಚೆಯಲ್ಲಿರುವ ರಂಜಕ, ಹೊಲಗಳಿಂದ ಹರಿದುಬಂದ ಗೊಬ್ಬರದ ಸಾರ ಇವು ಪಾಚಿಯನ್ನು ಬೆಳೆಸುತ್ತವೆ. ಪಾಚಿಯು ಹಗಲಿನಲ್ಲಿ ಆಮ್ಲಜನಕವನ್ನು ಕೊಡುವುದು ನಿಜ. ಇರುಳಿನಲ್ಲಿ ತಾನೂ ಉಸಿರಾಡಿ ಅದನ್ನು ಹಿಂದಕ್ಕೆ ಪಡೆಯುವುದು. ಆದುದರಿಂದಲೇ ಬೆಳಗಿನ ಜಾವದಲ್ಲಿ ಕೆರೆಯ ಉಸಿರು ಅತಿ ಕ್ಷೀಣ. ಆ ಹೊತ್ತಿನಲ್ಲಿ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುವುದು ಆಟವಲ್ಲ, ಏದುಸಿರು.

ನಾವು ಬಾಲ್ಯದಲ್ಲಿ ಓದಿದ ಮಠದ ಕಲ್ಯಾಣಿಯಲ್ಲಿ ಈ ದೃಶ್ಯವನ್ನು ಕಂಡಿದ್ದೇವೆ. ಮೀನುಗಳು ಶಿವನಾಮ ನುಡಿಯುತ್ತಿವೆಯೆಂದು ಬಾಲಕರಾದ ನಾವು ನಂಬಿದ್ದೆವು. ಪೂಜೆಯ ಪತ್ರೆ-ಪುಷ್ಪಗಳ ನಿರ್ಮಾಲ್ಯವನ್ನು ಬುಟ್ಟಿಗಟ್ಟಲೆ ಆ ನೀರಿಗೆ ಸುರಿಯುತ್ತಿದ್ದವರೂ ನಾವೇ. ಒಂದು ಬೇಸಿಗೆಯಲ್ಲಿ, ಜಾತ್ರೆ ಮುಗಿದ ಮೂರನೆಯ ದಿನ, ಮೀನುಗಳೆಲ್ಲ ಸತ್ತು ತೇಲಿದವು. ಅಂದು ಅದನ್ನು ದೈವಸಂಕಲ್ಪವೆಂದು ತಿಳಿದು ಸುಮ್ಮನಾದೆವು. ಪತ್ರೆ-ಪುಷ್ಪಗಳೂ ನೀರಿನಲ್ಲಿ ಕೊಳೆತರೆ ಕೊಳೆಯೇ ಎಂಬುದನ್ನು ತಿಳಿದ ಮೇಲೆ, ಅದರಲ್ಲಿ ನಮ್ಮ ಕೈಯೂ ಇತ್ತೆಂದು ಒಪ್ಪಿಕೊಳ್ಳದೆ ಗತ್ಯಂತರವಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮೇಶ್ವರರು ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆಯನ್ನು ಕಟ್ಟಿಸಿದರು. ಕೆರೆ ಕಟ್ಟುವುದು ಶರಣರಿಗೆ ಪುಣ್ಯದ ಲೆಕ್ಕವಾಗಿರಲಿಲ್ಲ; ಕಾಯಕವಾಗಿತ್ತು, ಸಕಲ ಜೀವಿಗಳ ದಾಸೋಹವಾಗಿತ್ತು. ಪಾದೋದಕವನ್ನು ಕಣ್ಣಿಗೊತ್ತಿಕೊಂಡು ಸೇವಿಸುವ ನಾವು ಊರಿನ ಉದಕವನ್ನು ಕೆಡಿಸುವುದು ಯಾವ ಭಕ್ತಿ?

ಮನೆಯಲ್ಲಿ ಮಾಡಬಹುದಾದುದು ಕಠಿಣವೇನಲ್ಲ. ನಿರ್ಮಾಲ್ಯವನ್ನು ಗಿಡದ ಬುಡದಲ್ಲಿ ಹೂಳಿದರೆ ಗೊಬ್ಬರವಾಗುವುದು. ಬಟ್ಟೆ ತೊಳೆಯುವ ಪುಡಿಯನ್ನು ಹಿತಮಿತವಾಗಿ ಬಳಸಬಹುದು. ಚರಂಡಿಯು ಕೆರೆಗೆ ತೆರೆದಿದ್ದರೆ ಪಂಚಾಯಿತಿಯಲ್ಲಿ ಕೇಳುವ ಧೈರ್ಯವನ್ನು ನಾಲ್ಕು ಮನೆಗಳವರು ಕೂಡಿ ತೋರಬಹುದು. ದಯೆಯೇ ಧರ್ಮದ ಮೂಲವೆಂದು ಮಕ್ಕಳಿಗೆ ಕಲಿಸುವ ತಾಯಂದಿರು, ಒಮ್ಮೆ ನಸುಕಿನಲ್ಲಿ ಅವರನ್ನು ಕೆರೆಯ ಏರಿಗೆ ಕರೆದೊಯ್ದು ಮೀನುಗಳನ್ನು ತೋರಿಸಲಿ. ಆ ದಯೆ ನೀರಿನೊಳಗಿನ ಜೀವಕ್ಕೂ ಸಲ್ಲಬೇಕೆಂಬುದನ್ನು ಮಕ್ಕಳು ಅಲ್ಲಿಯೇ ಅರಿಯುವರು.