ವರ್ಜೀನಿಯಾದ 32ನೇ ಸೆನೆಟ್ ಕ್ಷೇತ್ರ: ನಾವು ಅಂದುಕೊಂಡದ್ದೇನು, ಅಲ್ಲಿ ನಡೆಯುವುದೇನು

2024ರ ನವೆಂಬರಿನಲ್ಲಿ ಸುಹಾಸ್ ಸುಬ್ರಮಣ್ಯಂ ಅಮೆರಿಕದ ಚುನಾವಣೆಯಲ್ಲಿ ಗೆದ್ದಾಗ ‘ಬೆಂಗಳೂರು ಹುಡುಗ ಅಮೆರಿಕದ ಸೆನೆಟರ್ ಆದ’ ಎಂಬಂಥ ಮಾತು ನಮ್ಮಲ್ಲಿ ಓಡಾಡಿತು. ಅವರ ಕುಟುಂಬಕ್ಕೆ ಬೆಂಗಳೂರಿನ ನಂಟಿರುವುದು ನಿಜ. ಆದರೆ ಅವರು ಹುಟ್ಟಿದ್ದು ಟೆಕ್ಸಾಸಿನ ಹ್ಯೂಸ್ಟನ್‌ನಲ್ಲಿ. ಆ ನವೆಂಬರಿನಲ್ಲಿ ಗೆದ್ದದ್ದು ವಾಷಿಂಗ್ಟನ್ನಿನ ಪ್ರತಿನಿಧಿ ಸಭೆಗೆ, ಸೆನೆಟ್‌ಗಲ್ಲ. ಸೆನೆಟರ್ ಆಗಿದ್ದುದೂ ಸುಳ್ಳಲ್ಲ, ಆದರೆ ಅದು ಅದಕ್ಕೆ ಮೊದಲು, ಅದೂ ವರ್ಜೀನಿಯಾ ರಾಜ್ಯದ ಸೆನೆಟ್‌ನಲ್ಲಿ. ದಿಲ್ಲಿಗೆ ಹೋಗುವ ಶಾಸಕ ಬೆಂಗಳೂರಿನ ಸ್ಥಾನ ಬಿಡುವಂತೆ ಅವರೂ ರಾಜ್ಯದ ರಾಜಧಾನಿ ರಿಚ್ಮಂಡ್‌ನ ಸ್ಥಾನ ಬಿಟ್ಟರು. ಹಾಗೆ ಖಾಲಿಯಾದದ್ದು 32ನೇ ಸೆನೆಟ್ ಕ್ಷೇತ್ರ. ರಾಜ್ಯದ ಸೆನೆಟ್ ಬಗ್ಗೆ ನಮ್ಮಲ್ಲಿರುವ ತಪ್ಪು ಕಲ್ಪನೆಗಳನ್ನು ಬಿಡಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

‘ಸೆನೆಟ್ ಎಂದರೆ ವಾಷಿಂಗ್ಟನ್ನಿನಲ್ಲಿ ಇರುವುದೊಂದೇ’

ವಾಷಿಂಗ್ಟನ್ನಿನದು 100 ಮಂದಿಯ ಸೆನೆಟ್, ರಾಜ್ಯಕ್ಕೆ ಇಬ್ಬರಂತೆ. ಅದಲ್ಲದೆ ನೆಬ್ರಾಸ್ಕಾ ಬಿಟ್ಟು ಉಳಿದ 49 ರಾಜ್ಯಗಳ ಶಾಸಕಾಂಗದಲ್ಲೂ ಎರಡೆರಡು ಮನೆಗಳಿವೆ, ಮೇಲ್ಮನೆಯ ಹೆಸರು ಸೆನೆಟ್. ವರ್ಜೀನಿಯಾದ ಸೆನೆಟ್‌ನಲ್ಲಿ 40 ಮಂದಿ. ಯುದ್ಧ, ವೀಸಾ, ಗ್ರೀನ್ ಕಾರ್ಡ್ ಇವರ ಕೈಯಲ್ಲಿಲ್ಲ. ಶಾಲೆಗೆ ಎಷ್ಟು ಹಣ, ರಸ್ತೆಗೆ ಎಷ್ಟು, ರಾಜ್ಯದ ತೆರಿಗೆ ಎಷ್ಟು, ವಿದ್ಯುತ್ ಕಂಪನಿಗೆ ಯಾವ ಕಟ್ಟಳೆ, ಇವು ಇವರ ವಿಷಯ. 32ನೇ ಕ್ಷೇತ್ರವಿರುವ ಲೌಡನ್ ಕೌಂಟಿಯ ಪೂರ್ವ ಭಾಗ ಡೇಟಾ ಸೆಂಟರ್‌ಗಳಿಗೆ ಜಗತ್ತಿನಲ್ಲೇ ಹೆಸರಾದ ಜಾಗ. ಹಾಗಾಗಿ ಮನೆ ಹಿಂದೆ ಹೈಟೆನ್ಷನ್ ಲೈನ್ ಹಾದುಹೋಗುತ್ತದೆಯೇ, ಅದರ ಖರ್ಚು ಯಾರ ಬಿಲ್ಲಿಗೆ ಬೀಳುತ್ತದೆ ಎಂಬುದು ಅಲ್ಲಿ ವೋಟಿನ ಪ್ರಶ್ನೆ.

‘ಹಾಗಾದರೆ ನಮ್ಮ ವಿಧಾನ ಪರಿಷತ್ತು ಇದ್ದಂತೆ’

ಇಲ್ಲ. ನಮ್ಮ ಪರಿಷತ್ತಿನ 75 ಸ್ಥಾನಗಳಲ್ಲಿ 25ಕ್ಕೆ ಶಾಸಕರು, 25ಕ್ಕೆ ಸ್ಥಳೀಯ ಸಂಸ್ಥೆಗಳ ಸದಸ್ಯರು, ಏಳೇಳಕ್ಕೆ ಪದವೀಧರರು ಮತ್ತು ಶಿಕ್ಷಕರು ಮತ ಹಾಕುತ್ತಾರೆ. 11 ಮಂದಿ ನಾಮಕರಣದವರು. ಪರಿಷತ್ತು ಮಸೂದೆಯನ್ನು ಕೆಲವು ತಿಂಗಳು ತಡೆದು ಕೂರಿಸಬಹುದು, ಕೊನೆಗೆ ವಿಧಾನಸಭೆಯ ಮಾತೇ ನಡೆಯುತ್ತದೆ. ವರ್ಜೀನಿಯಾದ ಸೆನೆಟರನ್ನು ಜನರೇ ನೇರವಾಗಿ ಆರಿಸುತ್ತಾರೆ. ಸೆನೆಟ್ ಒಪ್ಪದ ಮಸೂದೆ ಆ ಅಧಿವೇಶನದ ಮಟ್ಟಿಗೆ ಸತ್ತಂತೆ. ಕೆಳಮನೆ ಏನು ಮಾಡಿದರೂ ಏಳದು.

‘ದೇಶ ದೊಡ್ಡದು, ಕ್ಷೇತ್ರವೂ ದೊಡ್ಡದೇ ಇರಬೇಕು’

2020ರ ಜನಗಣತಿಯಲ್ಲಿ ವರ್ಜೀನಿಯಾದ ಜನಸಂಖ್ಯೆ 86,31,393. ನಲವತ್ತರಿಂದ ಭಾಗಿಸಿದರೆ ಕ್ಷೇತ್ರಕ್ಕೆ ಸುಮಾರು 2.16 ಲಕ್ಷ. 2011ರ ಗಣತಿಯ ಲೆಕ್ಕದಲ್ಲಿ ಕರ್ನಾಟಕದ ಒಂದು ವಿಧಾನಸಭಾ ಕ್ಷೇತ್ರಕ್ಕೇ ಸರಾಸರಿ 2.7 ಲಕ್ಷ ಜನ ಬರುತ್ತಾರೆ! ಅಲ್ಲಿನ ಸೆನೆಟರ್ ನಮ್ಮ ಎಂಎಲ್‌ಎಗಿಂತ ಕಡಿಮೆ ಜನರ ಪ್ರತಿನಿಧಿ.

ಈ ಸಮಪಾಲು ಮೊದಲಿನಿಂದ ಇದ್ದದ್ದಲ್ಲ. ಅನೇಕ ರಾಜ್ಯಗಳು ಜನ ಎಷ್ಟಿದ್ದರೂ ಕೌಂಟಿಯನ್ನೇ ಅಳತೆಗೋಲಾಗಿ ಹಿಡಿದಿದ್ದವು. ಅಲಬಾಮಾದ ಜೆಫರ್ಸನ್ ಕೌಂಟಿಯ ಆರು ಲಕ್ಷ ಚಿಲ್ಲರೆ ಜನಕ್ಕೆ ಒಬ್ಬ ಸೆನೆಟರ್, ಲೌಂಡ್ಸ್ ಕೌಂಟಿಯ 15,417 ಜನಕ್ಕೂ ಒಬ್ಬ. 1964ರಲ್ಲಿ ರೆನಾಲ್ಡ್ಸ್ ವರ್ಸಸ್ ಸಿಮ್ಸ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇದಕ್ಕೆ ತೆರೆ ಎಳೆಯಿತು. ಅದೇ ದಿನ ವರ್ಜೀನಿಯಾದ ಕ್ಷೇತ್ರಗಳನ್ನೂ ತಳ್ಳಿಹಾಕಿತು.

ಎಣಿಸುವುದು ಮತದಾರರನ್ನಲ್ಲ, ಜನರನ್ನು. ಮಗು, ಗ್ರೀನ್ ಕಾರ್ಡಿನವರು, ಎಚ್-1ಬಿ ವೀಸಾದ ಎಂಜಿನಿಯರ್ ಎಲ್ಲರೂ ಲೆಕ್ಕಕ್ಕೆ ಸೇರುತ್ತಾರೆ, ಆದರೆ ಮತ ಹಾಕುವುದು ಪ್ರಜೆಗಳು ಮಾತ್ರ. ಲೌಡನ್‌ನ ಆಶ್‌ಬರ್ನ್‌ನಲ್ಲಿ ಹತ್ತು ವರ್ಷದಿಂದ ತೆರಿಗೆ ಕಟ್ಟುತ್ತಿರುವ ನಮ್ಮ ಕಡೆಯವರೊಬ್ಬರು ಕ್ಷೇತ್ರದ ಗಾತ್ರವನ್ನು ಹಿಗ್ಗಿಸುತ್ತಾರೆಯೇ ಹೊರತು ಫಲಿತಾಂಶವನ್ನಲ್ಲ. ‘ಅಲ್ಲಿ ನಮ್ಮವರೇ ವೋಟು ಹಾಕಿ ಗೆಲ್ಲಿಸಿದರು’ ಎಂಬ ಹೆಮ್ಮೆಯ ಮಾತೂ ಇಲ್ಲೇ ಸಡಿಲಾಗುತ್ತದೆ. ಲೌಡನ್‌ನಲ್ಲಿ ಚೀನಾ, ಕೊರಿಯಾ, ಭಾರತ ಎಲ್ಲ ಸೇರಿ ಏಷ್ಯಾ ಮೂಲದವರು ಹೆಚ್ಚುಕಡಿಮೆ ಐದನೇ ಒಂದು ಪಾಲು. ಅದರಿಂದಷ್ಟೇ ಯಾರೂ ಗೆಲ್ಲಲಾರರು.

‘32ನೇ ಕ್ಷೇತ್ರದ ಇತಿಹಾಸ ನೋಡಿದರೆ ಗೊತ್ತಾಗುತ್ತದೆ’

ಗೊತ್ತಾಗುವುದಿಲ್ಲ, ಮೋಸ ಹೋಗುತ್ತೇವೆ. ಮೂವತ್ತಕ್ಕೂ ಹೆಚ್ಚು ವರ್ಷ ಈ ಸಂಖ್ಯೆಯ ಕ್ಷೇತ್ರವನ್ನು ಪ್ರತಿನಿಧಿಸಿದವರು ಜಾನೆಟ್ ಹಾವೆಲ್. ಆ ಕ್ಷೇತ್ರ ಪಕ್ಕದ ಫೇರ್‌ಫ್ಯಾಕ್ಸ್ ಕೌಂಟಿಯ ರೆಸ್ಟನ್ ಸುತ್ತಮುತ್ತ ಇತ್ತು. 2023ರ ಚುನಾವಣೆ ಹೊತ್ತಿಗೆ ಅದೇ ಸಂಖ್ಯೆ ಲೌಡನ್‌ಗೆ ದಾಟಿತ್ತು.

ದಾಟಿಸಿದವರು ಯಾರು? ಅಮೆರಿಕದ ಹಲವು ರಾಜ್ಯಗಳಲ್ಲಿ ಶಾಸಕರೇ ತಮ್ಮ ಕ್ಷೇತ್ರದ ಗಡಿ ಗೀಚಿಕೊಳ್ಳುತ್ತಾರೆ. ಬೇಲಿ ಕಾಯುವವನೇ ಹೊಲದ ಅಳತೆ ಬರೆದಂತೆ. ವರ್ಜೀನಿಯಾದ ಜನ 2020ರಲ್ಲಿ ಸಂವಿಧಾನ ತಿದ್ದುಪಡಿಗೆ ಮತ ಹಾಕಿ ಈ ಕೆಲಸವನ್ನು ಎಂಟು ಶಾಸಕರು, ಎಂಟು ನಾಗರಿಕರು ಇರುವ ಆಯೋಗಕ್ಕೆ ಕೊಟ್ಟರು. ಆಯೋಗ ಸಮಬಲದಲ್ಲಿ ಜಗ್ಗಾಡಿ 2021ರಲ್ಲಿ ಕೈಚೆಲ್ಲಿತು. ಕೊನೆಗೆ ರಾಜ್ಯದ ಸುಪ್ರೀಂ ಕೋರ್ಟು ಬರ್ನಾರ್ಡ್ ಗ್ರಾಫ್‌ಮನ್ ಮತ್ತು ಶಾನ್ ಟ್ರೆಂಡ್ ಎಂಬ ಇಬ್ಬರು ತಜ್ಞರಿಂದ ನಕ್ಷೆ ಬರೆಸಿ, ಆ ಡಿಸೆಂಬರಿನಲ್ಲಿ ಅಂಗೀಕರಿಸಿತು. ಹಾಲಿ ಸೆನೆಟರುಗಳ ಮನೆ ಎಲ್ಲಿದೆ ಎಂದು ನೋಡದೆ ಬರೆದದ್ದರಿಂದ ಒಂದೇ ಕ್ಷೇತ್ರಕ್ಕೆ ಇಬ್ಬಿಬ್ಬರು ಹಾಲಿಗಳು ಬಿದ್ದ ಉದಾಹರಣೆಗಳೂ ಉಂಟು. ನನ್ನ ಮಟ್ಟಿಗೆ ಅದು ಆ ನಕ್ಷೆಯ ಒಳ್ಳೆಯ ಗುಣ.

‘ಚುನಾವಣೆ ಎಂದರೆ ಅಧ್ಯಕ್ಷರ ಚುನಾವಣೆಯ ಜೊತೆಗೇ’

ವರ್ಜೀನಿಯಾ ತನ್ನ ಶಾಸಕಾಂಗದ ಚುನಾವಣೆಯನ್ನು ಬೆಸ ವರ್ಷದಲ್ಲಿ ನಡೆಸುತ್ತದೆ. 40 ಸೆನೆಟ್ ಸ್ಥಾನಗಳಿಗೂ ನಾಲ್ಕು ವರ್ಷಕ್ಕೊಮ್ಮೆ ಒಟ್ಟಿಗೇ ಚುನಾವಣೆ: 2019, 2023, ಮುಂದೆ 2027. ಸ್ಥಾನ ನಡುವೆ ಖಾಲಿಯಾದರೆ ಕೆಲವು ರಾಜ್ಯಗಳಲ್ಲಿ ಯಾರನ್ನಾದರೂ ನೇಮಿಸುತ್ತಾರೆ. ಇಲ್ಲಿ ನಮ್ಮಂತೆಯೇ ಉಪಚುನಾವಣೆ.

ಸುಹಾಸ್ ಬಿಟ್ಟ ಸ್ಥಾನಕ್ಕೆ ಮತದಾನ ನಡೆದದ್ದು 2025ರ ಜನವರಿ 7, ಮಂಗಳವಾರ. ಹಿಂದಿನ ದಿನವಷ್ಟೇ ಹಿಮ ಸುರಿದಿತ್ತು, ಮರುದಿನ ಅಧಿವೇಶನದ ಆರಂಭ. ಸೆನೆಟ್‌ನಲ್ಲಿ ಡೆಮಾಕ್ರಟರದು 21, ರಿಪಬ್ಲಿಕನ್ನರದು 19 ಎಂಬ ಲೆಕ್ಕ. ಈ ಒಂದು ಸ್ಥಾನ ಕೈತಪ್ಪಿದರೆ 20-20. ಆಗ ಹೆಚ್ಚಿನ ಮಸೂದೆಗಳಲ್ಲಿ ನಿರ್ಣಾಯಕ ಮತ ಸಭೆಯ ಅಧ್ಯಕ್ಷತೆ ವಹಿಸುವ ಲೆಫ್ಟಿನೆಂಟ್ ಗವರ್ನರ್‌ದು, ಆಗ ಆ ಹುದ್ದೆಯಲ್ಲಿದ್ದವರು ರಿಪಬ್ಲಿಕನ್. ಉಪಚುನಾವಣೆ ಅಂದರೆ ಊಟದ ನಂತರದ ಬಾಳೆಹಣ್ಣು ಅಂದುಕೊಂಡವರು ಈ ಲೆಕ್ಕ ನೋಡಬೇಕು. ಕೆಳಮನೆಯಲ್ಲಿದ್ದ ಡೆಮಾಕ್ರಟ್ ಕಣ್ಣನ್ ಶ್ರೀನಿವಾಸನ್ ಗೆದ್ದರು. ಅವರು ಬಿಟ್ಟ ಕೆಳಮನೆಯ 26ನೇ ಕ್ಷೇತ್ರಕ್ಕೂ ಅದೇ ದಿನ ಮತದಾನ. ಅಲ್ಲಿ ಎರಡೂ ಪಕ್ಷಗಳ ಅಭ್ಯರ್ಥಿಗಳು ಭಾರತ ಮೂಲದವರು, ಒಬ್ಬರು ಸಿಂಗ್, ಇನ್ನೊಬ್ಬರು ವೆಂಕಟಾಚಲಂ.

‘ಅಮೆರಿಕದಲ್ಲಿ ಯಂತ್ರವೇ ಇಲ್ಲ, ಎಲ್ಲ ಕೈಯಲ್ಲೇ ಎಣಿಸುತ್ತಾರೆ’

ಇವಿಎಂ ಜಗಳ ಬಂದಾಗಲೆಲ್ಲ ನಮ್ಮಲ್ಲಿ ಕೇಳಿಬರುವ ಮಾತು, ಅರ್ಧ ನಿಜ. ವರ್ಜೀನಿಯಾ 2017ರಲ್ಲಿ ಟಚ್‌ಸ್ಕ್ರೀನ್ ಮತಯಂತ್ರಗಳನ್ನು ಕೈಬಿಟ್ಟಿತು. ಈಗ ಮತದಾರ ಬೂತಿಗೆ ಹೋಗಿ ಹೆಸರು, ವಿಳಾಸ ಬಾಯಲ್ಲಿ ಹೇಳಿ ಗುರುತಿನ ಪತ್ರ ತೋರಿಸುತ್ತಾನೆ. ಕಾಗದದ ಮತಪತ್ರ ಕೊಡುತ್ತಾರೆ. ಕೈ, ಕಮಲದಂಥ ಚಿಹ್ನೆ ಇಲ್ಲ. ಅಭ್ಯರ್ಥಿಯ ಹೆಸರಿನ ಜೊತೆ ಪಕ್ಷದ ಹೆಸರು, ಪಕ್ಕದಲ್ಲೊಂದು ಅಂಡಾಕಾರ. ಅದನ್ನು ಪೆನ್ನಿನಿಂದ ತುಂಬಬೇಕು. ಬೇಕಿದ್ದರೆ ಕೆಳಗಿನ ಖಾಲಿ ಗೆರೆಯ ಮೇಲೆ ತನಗಿಷ್ಟವಾದ ಬೇರೆ ಹೆಸರನ್ನೇ ಬರೆಯಬಹುದು. ಬಳಿಕ ಹಾಳೆಯನ್ನು ತಾನೇ ಸ್ಕ್ಯಾನರ್‌ಗೆ ತೂರಿಸುತ್ತಾನೆ. ಎಣಿಸುವುದು ಆ ಸ್ಕ್ಯಾನರ್. ತಕರಾರಿಗೆ, ತಪಾಸಣೆಗೆ ಕಾಗದ ಉಳಿಯುತ್ತದೆ. ಬೆರಳಿಗೆ ಶಾಯಿ ಇಲ್ಲ, ಅಂಗಿಗೆ ಅಂಟಿಸಿಕೊಳ್ಳಲು ಸ್ಟಿಕ್ಕರ್ ಕೊಡುತ್ತಾರೆ.

‘ಸೆನೆಟರ್ ಅಂದರೆ ಕೈತುಂಬ ಸಂಬಳ’

2025ರ ಜನವರಿಯಲ್ಲಿ ವರ್ಜೀನಿಯಾದ ಸೆನೆಟರ್‌ಗೆ ವರ್ಷದ ಸಂಬಳ 18,000 ಡಾಲರ್. ಅಧಿವೇಶನ ಸಮ ವರ್ಷದಲ್ಲಿ 60 ದಿನ, ಬೆಸ ವರ್ಷದಲ್ಲಿ ರೂಢಿಯಂತೆ 46 ದಿನ. ಉಳಿದ ಕಾಲ ಬಹುತೇಕರು ತಮ್ಮ ವಕೀಲಿಕೆ, ವ್ಯಾಪಾರ, ನೌಕರಿ ನೋಡಿಕೊಳ್ಳುತ್ತಾರೆ.

‘ಟಿಕೆಟ್ ಹೈಕಮಾಂಡ್ ಕೊಡುತ್ತದೆ’

ಟಿಕೆಟ್ ಕೊಡುವುದು ಸಾಮಾನ್ಯವಾಗಿ ಪ್ರೈಮರಿಯ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯ, ಮತದಾರ. ವರ್ಜೀನಿಯಾದಲ್ಲಿ ಮತದಾರರ ಪಟ್ಟಿಯಲ್ಲಿ ಪಕ್ಷ ನಮೂದಿಸುವ ಪದ್ಧತಿಯೇ ಇಲ್ಲ, ಆದ್ದರಿಂದ ಯಾರು ಬೇಕಾದರೂ ಯಾವುದಾದರೂ ಒಂದು ಪಕ್ಷದ ಪ್ರೈಮರಿಗೆ ಹೋಗಬಹುದು. 32ನೇ ಕ್ಷೇತ್ರದಲ್ಲಿ 2023ರಲ್ಲೂ 2025ರಲ್ಲೂ ಡೆಮಾಕ್ರಟ್ ಅಭ್ಯರ್ಥಿಗೆ ಹತ್ತರಲ್ಲಿ ಸುಮಾರು ಆರು ಮತ ಬಿದ್ದಿವೆ. ಇಂಥ ಕಡೆ ನಿಜವಾದ ಕುಸ್ತಿ ಆಗುವುದು ಪ್ರೈಮರಿಯಲ್ಲೇ. 2027ರಲ್ಲಿ ಈ ಕ್ಷೇತ್ರದ ಕಡೆ ಕಣ್ಣಿಡುವವರು ನವೆಂಬರ್‌ವರೆಗೆ ಕಾಯದೆ ಜೂನ್‌ನಲ್ಲೇ ನೋಡಬೇಕು.