ರೇವಾ (ವಿದ್ಯುತ್ ಕಾರು)

ರೇವಾ ಬೆಂಗಳೂರಿನಲ್ಲಿ ತಯಾರಾದ, ಬ್ಯಾಟರಿಯಿಂದ ಚಲಿಸುವ ಪುಟ್ಟ ಕಾರು. ೧೯೯೪ರಲ್ಲಿ ಮೈನಿ ಸಮೂಹ ಹಾಗೂ ಅಮೆರಿಕದ ಅಮೆರಿಗಾನ್ ಸಂಸ್ಥೆಯ ಸಹಭಾಗಿತ್ವದಲ್ಲಿ ಆರಂಭವಾದ ಕಂಪನಿಯು, ಚೇತನ್ ಮೈನಿಯವರ ನೇತೃತ್ವದಲ್ಲಿ ಇದನ್ನು ರೂಪಿಸಿ ೨೦೦೧ರಲ್ಲಿ ಮಾರುಕಟ್ಟೆಗೆ ತಂದಿತು. ಬ್ರಿಟನ್ನಿನಲ್ಲಿ ಇದು 'ಜಿ-ವಿಜ್' ಎಂಬ ಹೆಸರಿನಲ್ಲಿ ಮಾರಾಟವಾಯಿತು. ೨೦೧೦ರಲ್ಲಿ ಕಂಪನಿಯ ಬಹುಪಾಲು ಷೇರುಗಳು ಮಹೀಂದ್ರ ಅಂಡ್ ಮಹೀಂದ್ರ ಸಂಸ್ಥೆಯ ಪಾಲಾದವು.

ಪರಿಸರಕ್ಕೆ ಆಗುವ ಪ್ರಯೋಜನ

ವಿದ್ಯುತ್ ಕಾರು ಹೊಗೆ ಉಗುಳುವುದೇ?
ಇಲ್ಲ. ಅರೆಕೆರೆಯ ಬಳಿ ಹಾದುಹೋಗುವ ಬನ್ನೇರುಘಟ್ಟ ರಸ್ತೆಯಂತಹ ವಾಹನದಟ್ಟಣೆಯ ಹಾದಿಗಳಲ್ಲಿ ನಡೆದಾಡುವವರಿಗೂ ಅಂಗಡಿಯವರಿಗೂ ಇದು ನೇರವಾದ ಲಾಭ.

ಹಾಗಾದರೆ ಮಾಲಿನ್ಯವೇ ಇಲ್ಲವೇ?
ಅದು ವಿದ್ಯುತ್ತಿನ ಮೂಲವನ್ನು ಅವಲಂಬಿಸಿದೆ. ಶರಾವತಿಯ ಜಲವಿದ್ಯುತ್ತು ಮತ್ತು ಪಾವಗಡದ ಸೌರವಿದ್ಯುತ್ತು ಉತ್ಪಾದನೆಯಾಗುವಾಗ ಹೊಗೆ ಇರುವುದಿಲ್ಲ. ರಾಯಚೂರಿನ ಶಾಖೋತ್ಪನ್ನ ಸ್ಥಾವರದಲ್ಲಿ ಮಾತ್ರ ಕಲ್ಲಿದ್ದಲು ಉರಿಯುತ್ತದೆ. ಆಗ ಹೊಗೆಯು ನಗರದಿಂದ ದೂರ ಸರಿಯುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ಹಳೆಯ ಬ್ಯಾಟರಿಯ ಗತಿಯೇನು?
ಆರಂಭದ ರೇವಾದಲ್ಲಿ ಸೀಸ-ಆಮ್ಲ ಬ್ಯಾಟರಿಗಳಿದ್ದವು. ಸೀಸವು ವಿಷಕಾರಿ. ಕ್ರಮಬದ್ಧವಾಗಿ ಮರುಬಳಕೆ ಮಾಡದಿದ್ದರೆ ಅದು ಮಣ್ಣನ್ನೂ ನೀರನ್ನೂ ಕೆಡಿಸುತ್ತದೆ.

ವಾಹನದಟ್ಟಣೆ ಕಡಿಮೆಯಾಗುವುದೇ?
ಇಲ್ಲ. ವಿದ್ಯುತ್ ಕಾರಿಗೂ ರಸ್ತೆಯಲ್ಲಿ ಅಷ್ಟೇ ಜಾಗ ಬೇಕು. ದಟ್ಟಣೆಯನ್ನು ತಗ್ಗಿಸಬಲ್ಲವು ಹಲವರನ್ನು ಒಟ್ಟಿಗೆ ಒಯ್ಯುವ ಬಸ್ಸು, ಮೆಟ್ರೋಗಳು.