ಮುಖ ಕಾಣದ ಗಿರಾಕಿ

ಹೋಟೆಲು ಉದ್ಯಮದಲ್ಲಿ ಪಳಗಿದವರಿಗೆ ಬೋಣಿಯ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ. ಬೆಳಗ್ಗೆ ಬಾಗಿಲು ತೆರೆದು, ದೇವರ ಪಟಕ್ಕೆ ಊದುಬತ್ತಿ ಬೆಳಗಿ, ಗಲ್ಲಾ ಪೆಟ್ಟಿಗೆಯ ಮುಂದೆ ಕುಳಿತವನು ಮೊದಲ ಗಿರಾಕಿ ಕೊಟ್ಟ ಹಣವನ್ನು ಕಣ್ಣಿಗೊತ್ತಿಕೊಂಡೇ ಒಳಗೆ ಹಾಕುತ್ತಾನೆ. ಗಿರಾಕಿಯು ಎದುರಿಗಿದ್ದಾನೆ, ಸಾಂಬಾರಿಗೆ ಉಪ್ಪು ಹೆಚ್ಚಾಯಿತೇ, ಕಾಫಿ ತಣ್ಣಗಾಯಿತೇ ಎಂಬುದು ಅವನ ಮುಖದಲ್ಲಿಯೇ ತಿಳಿಯುತ್ತದೆ. ತಪ್ಪಾಗಿದ್ದರೆ ಮತ್ತೊಂದು ಲೋಟ ಕಾಫಿ ತರಿಸಿ ಅಲ್ಲಿಯೇ ಸಮಾಧಾನಪಡಿಸಬಹುದು. ಆದರೆ ಬಾಗಿಲೂ ಬೋರ್ಡೂ ಇಲ್ಲದ ಅಂಗಡಿಯೊಂದನ್ನು ಮೊಬೈಲಿನೊಳಗೆ ತೆರೆದು, ಮುಖವೇ ಕಾಣದ ಗಿರಾಕಿಯನ್ನು ಕಾಯುತ್ತ ಕುಳಿತವರ ಪಾಡೇನು?

ಇಂದು ನಮ್ಮ ಮುಂಬಯಿ ಕನ್ನಡಿಗರಲ್ಲಿ ಅನೇಕರು ಈ ಆನ್‌ಲೈನ್ ವ್ಯಾಪಾರಕ್ಕೆ ಕೈ ಹಾಕುತ್ತಿದ್ದಾರೆ. ಅಂಥವರಿಗೆ ಉಪಯೋಗವಾಗಲೆಂದು ಡೊಂಬಿವಲಿಯ ದಂಪತಿಗಳ ಅನುಭವವನ್ನು ವಾಚಕರ ಮುಂದಿಡುತ್ತೇನೆ. ಹೆಸರು ಬೇಡವೆಂಬುದು ಅವರ ಇಚ್ಛೆ. ಪತಿಯು ನನ್ನ ಹೋಟೆಲಿನ ಗಲ್ಲಾ ಪೆಟ್ಟಿಗೆಯ ಮುಂದೆ 11 ವರ್ಷ ಕುಳಿತವರು. ಒಂದು ದಿನವೂ ಲೆಕ್ಕ ತಪ್ಪಿದವರಲ್ಲ. 2020ರ ಮಹಾಮಾರಿಯ ಕಾಲದಲ್ಲಿ ಹೋಟೆಲು ಮುಚ್ಚಿತು. ನಾನು ಲೇಖನಿ ಹಿಡಿದೆ. ಅವರ ಕೈಗೆ ಹಿಡಿಯಲು ಏನೂ ಉಳಿಯಲಿಲ್ಲ.

ಪತ್ನಿಯ ತವರು ಬೈಂದೂರಿನ ಕಡೆ. ಅಲ್ಲಿ ತಾಯಿಯವರು ಮಾಡುವ ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿಗಳನ್ನು ತರಿಸಿ ಮಾರೋಣವೆಂದು ಸೂಚಿಸಿದವರು ಆಕೆಯೇ. ಮಗಳ ಕಾಲೇಜು ಶುಲ್ಕಕ್ಕೆಂದು ತೆಗೆದಿಟ್ಟಿದ್ದ 40,000 ರೂಪಾಯಿಯೇ ಬಂಡವಾಳ. ಶುಲ್ಕ ಕಟ್ಟಲು ಒಂದು ವರ್ಷದ ಅವಕಾಶವಿತ್ತು. ಹೀಗೆ 2021ರ ಜೂನ್ ತಿಂಗಳಲ್ಲಿ, ಸೋದರಳಿಯನೊಬ್ಬನ ನೆರವಿನಿಂದ ಅಂಗಡಿ ತೆರೆಯಿತು.

ಬೋಣಿ

ಒಂಬತ್ತು ದಿನ ಯಾರೂ ಬರಲಿಲ್ಲ. ಹತ್ತನೆಯ ದಿನ ಸೊಲ್ಲಾಪುರದ ಅಪರಿಚಿತರೊಬ್ಬರು ಎರಡು ಕಟ್ಟು ಹಪ್ಪಳ ಬೇಕೆಂದು ತಿಳಿಸಿ, ಯುಪಿಐ ಮೂಲಕ ಹಣ ಹಾಕಿದರು. ಕಣ್ಣಿಗೊತ್ತಿಕೊಳ್ಳಲು ನೋಟಿಲ್ಲ; ನಮ್ಮ ಲೆಕ್ಕದವರು ಮೊಬೈಲನ್ನೇ ಕಣ್ಣಿಗೊತ್ತಿಕೊಂಡರಂತೆ!

ಇದನ್ನು ಕೇಳಿ ನಗುವವರು ದೊಡ್ಡವರ ಆರಂಭವನ್ನೂ ನೆನೆಯಬೇಕು. 2007ರಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಎಂಬ ಇಬ್ಬರು ತರುಣರು ಬೆಂಗಳೂರಿನ ಕೋರಮಂಗಲದ ಮನೆಯೊಂದರಲ್ಲಿ, ತಮ್ಮ ಉಳಿತಾಯದ 4 ಲಕ್ಷ ರೂಪಾಯಿಗಳಿಂದ ಫ್ಲಿಪ್‌ಕಾರ್ಟ್ ಎಂಬ ಪುಸ್ತಕದಂಗಡಿಯನ್ನು ಆರಂಭಿಸಿದಾಗ, ಮೊದಲ ಬೇಡಿಕೆ ಬಂದದ್ದು ಆಗ ಆಂಧ್ರಪ್ರದೇಶದಲ್ಲಿದ್ದ ಮಹಬೂಬ್‌ನಗರದಿಂದ. ಬೇಕಾದ ಪುಸ್ತಕವು ಸುಲಭವಾಗಿ ದೊರೆಯದೆ, ಬೆಂಗಳೂರಿನ ಅಂಗಡಿಗಳನ್ನು ಅಲೆದು ಹುಡುಕಿ ಕಳಿಸಬೇಕಾಯಿತು. ಅಂಗಡಿಯೇನೋ ಯಂತ್ರದೊಳಗಿದೆ, ಅಲೆಯುವ ಕಾಲುಗಳು ಮಾತ್ರ ಮನುಷ್ಯನವೇ.

ಮಾರಾಟ ಬೇರೆ, ಉಳಿಕೆ ಬೇರೆ

ಮೊದಲ ತಿಂಗಳ ಕೊನೆಗೆ 31 ಬೇಡಿಕೆಗಳು ಬಂದು, ಮಾರಾಟ 13,640 ರೂಪಾಯಿಗೇರಿತು. ಮನೆಯಲ್ಲಿ ಪಾಯಸವಾಯಿತು. ಆದರೆ ಹಳೆಯ ಅಭ್ಯಾಸದಂತೆ ಅವರು ಲೆಕ್ಕ ಬರೆಯಲು ಕುಳಿತಾಗ ಪಾಯಸದ ಸಿಹಿ ಇಳಿಯಿತು. ಹಿಂದಿರುಗಿ ಬಂದ ನಾಲ್ಕು ಪೊಟ್ಟಣಗಳ ಬೆಲೆ 1,760; ಕೊರಿಯರ್ ವೆಚ್ಚ 5,270; ಸಾಮಗ್ರಿ, ಬಾಟಲಿ, ಪೆಟ್ಟಿಗೆಗಳಿಗೆ 5,400; ಒಡೆದವುಗಳ ಬದಲು ಮತ್ತೆ ಕಳಿಸಿದ್ದಕ್ಕೆ 880. ಉಳಿದದ್ದು 330 ರೂಪಾಯಿ. ಇಬ್ಬರು ಮೂವತ್ತು ದಿನ ದುಡಿದುದರ ಕೂಲಿ ಇದರಲ್ಲಿ ಸೇರಿಲ್ಲ.

ಕೊರಿಯರ್ ವೆಚ್ಚ ಇಷ್ಟಾದುದೇಕೆ? ಅನೇಕ ಸಾಗಣೆ ಸಂಸ್ಥೆಗಳು ತೂಕವನ್ನಷ್ಟೇ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, 5,000ದಿಂದ ಭಾಗಿಸಿ, ಬಂದ ಸಂಖ್ಯೆಯನ್ನೂ ನಿಜವಾದ ತೂಕವನ್ನೂ ಹೋಲಿಸಿ, ಯಾವುದು ಹೆಚ್ಚೋ ಅದಕ್ಕೆ ದರ ವಿಧಿಸುತ್ತವೆ. ಇವರು ಬಳಸುತ್ತಿದ್ದುದು 30, 25, 20 ಸೆಂಟಿಮೀಟರಿನ ಪೆಟ್ಟಿಗೆ. ಅಂದರೆ ಒಳಗೆ ಒಂದು ಕಿಲೋಗೂ ಕಡಿಮೆ ಹಪ್ಪಳ, ದರ ಮಾತ್ರ 3 ಕಿಲೋದ್ದು! ಪೆಟ್ಟಿಗೆಯನ್ನು 25, 20, 10ಕ್ಕೆ ಇಳಿಸಿದೊಡನೆ ಅದು 1 ಕಿಲೋ ಆಯಿತು. ಗಾಳಿಗೆ ಬಾಡಿಗೆ ಕೊಡುತ್ತಿದ್ದೆವೆಂದು ಅವರು ಹಣೆ ಬಡಿದುಕೊಂಡರು.

ಇನ್ನು ವಸ್ತು ಕೈ ಸೇರಿದ ಮೇಲೆ ಹಣ ಕೊಡುವ ಪದ್ಧತಿ. ಫ್ಲಿಪ್‌ಕಾರ್ಟ್ ಇದನ್ನು 2010ರಲ್ಲಿ ಆರಂಭಿಸಿತು. ಜನರ ಅಂಜಿಕೆ ಕಳೆಯಲು ಅದು ಬಹಳ ನೆರವಾಯಿತು. ಆದರೆ ಬಾಗಿಲು ಹಾಕಿದ ಮನೆಯಿಂದ ಪೊಟ್ಟಣವು ಮರಳಿದರೆ ಹೋಗುವ ದಾರಿಯ ಖರ್ಚೂ ಬರುವ ದಾರಿಯ ಖರ್ಚೂ ಸಣ್ಣ ವ್ಯಾಪಾರಿಯ ತಲೆಗೇ. ನಮ್ಮ ಹೋಟೆಲಿನ ಉದರಿ ಖಾತೆಯಾದರೂ ವಾಸಿ. ಅಲ್ಲಿ ಸಾಲಗಾರನ ಮುಖ ಪರಿಚಯವಿತ್ತು. ಅಂದಿನಿಂದ ಇವರು ಇಂಥ ಬೇಡಿಕೆ ಬಂದೊಡನೆ ಫೋನು ಮಾಡಿ, ಎರಡು ಮಾತು ಆಡಿ, ದೃಢಪಡಿಸಿಕೊಂಡೇ ಕಳಿಸತೊಡಗಿದರು. ಮರಳುವುದು ಬಹುಮಟ್ಟಿಗೆ ನಿಂತಿತು.

ಒಡೆದ ಬಾಟಲಿ

ಪುಣೆಯಿಂದ ಮೊದಲ ದೂರು ಬಂತು: ಉಪ್ಪಿನಕಾಯಿ ಬಾಟಲಿ ಒಡೆದು, ಜೊತೆಯ ಹಪ್ಪಳವೆಲ್ಲ ಹಾಳಾಗಿದೆ. ತಪ್ಪು ಸಾಗಣೆಯವರದೆಂದು ಉತ್ತರ ಬರೆಯಲು ಪತಿಯು ಸಿದ್ಧರಾದರು. ಪತ್ನಿ ತಡೆದರು.

"ಹೋಟೆಲಿನಲ್ಲಿ ಮಾಣಿಯ ಕೈಯಿಂದ ದೋಸೆ ಬಿದ್ದರೆ ಗಿರಾಕಿ ಹತ್ರ ದುಡ್ಡು ಕೇಳ್ತಿದ್ರಾ ನೀವು? ಇದೂ ಹಾಗೇ ಅಲ್ವಾ ಮಾರಾಯ್ರೆ!"

ಮರುದಿನವೇ ಹೊಸ ಪೊಟ್ಟಣ ಹೊರಟಿತು. ಬಾಟಲಿಯ ಬಿರಡೆಗೆ ಟೇಪು ಸುತ್ತಿ, ಹೊರಗೆ ನಾಲ್ಕು ಸುತ್ತು ಹಳೆಯ ಪತ್ರಿಕೆಯ ಮೆತ್ತೆ. ನಮ್ಮ ಸಂಪಾದಕೀಯಗಳು ಇಷ್ಟೊಂದು ಭಾರ ಹೊತ್ತದ್ದು ಅದೇ ಮೊದಲಿರಬೇಕು. ಆ ಪುಣೆಯ ಗೃಹಿಣಿಯು ತನ್ನ ನೆರೆಹೊರೆಯ ಆರು ಮನೆಗಳಿಗೆ ಇವರ ವಿಳಾಸ ಕೊಟ್ಟರು. ಅದಕ್ಕೆ ಮುನ್ನ ಜಾಹೀರಾತಿಗೆ ಸುರಿದ 5,000 ರೂಪಾಯಿಯಿಂದ ಬಂದವರು ಮೂವರು.

ಸೆಪ್ಟೆಂಬರಿನಲ್ಲಿ ನಿಜವಾದ ಪರೀಕ್ಷೆ ಎದುರಾಯಿತು. ಹಬ್ಬದ ಬೇಡಿಕೆಗಳು ಬರುತ್ತಿರುವಾಗಲೇ ಹಲಸಿನ ಹಪ್ಪಳ ಮುಗಿಯಿತು. ಪೇಟೆಯ ಹಪ್ಪಳ ತಂದು ತಮ್ಮ ಚೀಟಿ ಅಂಟಿಸಿದರೆ ಯಾರಿಗೆ ತಿಳಿಯುತ್ತದೆ? ಶುಲ್ಕದ ಹಣ ಇನ್ನೂ ಕೂಡಿರಲಿಲ್ಲ. ಅವರು ನನ್ನನ್ನು ಕೇಳಲು ಬಂದರು.

ನಾನು ಗಿರಗಾಂವದ ಕಥೆ ಹೇಳಿದೆ. 1959ರ ಮಾರ್ಚ್ 15ರಂದು ಏಳು ಮಹಿಳೆಯರು 80 ರೂಪಾಯಿ ಸಾಲ ಪಡೆದು, ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಿದರು. ಮೊದಲ ದಿನ ಆದದ್ದು 4 ಪೊಟ್ಟಣ. ಅದೇ ಲಿಜ್ಜತ್. ಮೊದಲ ವರ್ಷ ಮಳೆಗಾಲದಲ್ಲಿ ಹಪ್ಪಳ ಒಣಗದೆ, ನಾಲ್ಕು ತಿಂಗಳು ಕೆಲಸವನ್ನೇ ನಿಲ್ಲಿಸಿದರು. ಮರುವರ್ಷ ಮಂಚದ ಮೇಲೆ ಹಪ್ಪಳ ಹರಡಿ, ಕೆಳಗೆ ಒಲೆಯಿಟ್ಟು ಒಣಗಿಸಿದರು. ಗುಣವನ್ನು ಇಳಿಸುವುದಕ್ಕಿಂತ ಕೆಲಸ ನಿಲ್ಲಿಸುವುದು ಮೇಲೆಂಬುದು ನನ್ನ ಅಭಿಪ್ರಾಯವೆಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ ಧಣಿಗಳೇ" ಎಂದು ಎದ್ದರು. ಹಪ್ಪಳ ಮುಗಿದಿದೆ, ಮುಂದಿನ ಹಲಸಿನ ಕಾಲಕ್ಕೆ ತಿಳಿಸುತ್ತೇವೆ ಎಂದು ಎಲ್ಲರಿಗೂ ಬರೆದರು.

ಕಾಗದಪತ್ರ

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಗೆ ಇವರು ಕಟ್ಟಿದ್ದು ವರ್ಷಕ್ಕೆ 100 ರೂಪಾಯಿ. ಅದರ 14 ಅಂಕಿಗಳ ಸಂಖ್ಯೆ ಚೀಟಿಯ ಮೇಲಿರಬೇಕು. ತಯಾರಕರ ವಿಳಾಸ, ನಿವ್ವಳ ತೂಕ, ತಯಾರಿಯ ದಿನಾಂಕ, ಗರಿಷ್ಠ ಬೆಲೆಗಳೂ ಅಲ್ಲಿರಬೇಕು. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ, ಉಪ್ಪಿನಕಾಯಿಗೆ ಉಂಟು. ತೆರಿಗೆಯುಳ್ಳ ಸರಕನ್ನು ಹೊರರಾಜ್ಯಕ್ಕೆ ಮಾರುವವನು ವ್ಯಾಪಾರ ಎಷ್ಟೇ ಚಿಕ್ಕದಿದ್ದರೂ ನೋಂದಣಿ ಮಾಡಿಸಬೇಕು. ಬೆಂಗಳೂರಿನ ಬಂಧುಗಳಿಗೆ ಉಪ್ಪಿನಕಾಯಿ ಮಾರಹೊರಡುವ ಮುಂಬಯಿಯವರು ಇದನ್ನು ಮರೆಯಬಾರದು. ಆ ನೋಂದಣಿ ಆಗುವವರೆಗೆ ಇವರು ಮಹಾರಾಷ್ಟ್ರದ ಗಡಿ ದಾಟಲಿಲ್ಲ.

ಮರುವರ್ಷದ ಜೂನ್ ಬಂತು. ಖಾತೆಯಲ್ಲಿದ್ದುದು 31,000 ರೂಪಾಯಿ. ಉಳಿದ 9,000ಕ್ಕೆ ಪತ್ನಿಯ ಬಳೆಯೊಂದು ಅಡವು ಹೋಯಿತು. ಮಗಳ ಶುಲ್ಕ ತಪ್ಪಲಿಲ್ಲ. ನವರಾತ್ರಿಗೆ ಮುನ್ನ ಬಳೆ ಮನೆಗೆ ಬಂತು. ಹಿಂದಿನ ವರ್ಷ "ಮುಗಿದಿದೆ" ಎಂಬ ಉತ್ತರ ಪಡೆದವರಲ್ಲಿ ಹೆಚ್ಚಿನವರು ಹೊಸ ಹಪ್ಪಳ ಬಂದೊಡನೆ ಮತ್ತೆ ಬರೆದಿದ್ದರು.

ಇಂದಿಗೂ ಅವರು ಲಕ್ಷಾಧೀಶರಾಗಿಲ್ಲ. ಆದರೆ ಮನೆ ನಡೆಯುತ್ತಿದೆ, ಮಗಳ ಓದು ಮುಗಿದಿದೆ. ಹೊಸದಾಗಿ ಈ ಹಾದಿ ಹಿಡಿಯುವ ತರುಣರಲ್ಲಿ ನನ್ನ ವಿನಂತಿ ಇಷ್ಟೇ: ಮೊದಲ ವರ್ಷ ಮಾರಾಟವನ್ನು ಎಣಿಸಬೇಡಿರಿ, ಉಳಿಕೆಯನ್ನೂ ಮರಳಿ ಬಂದ ಗಿರಾಕಿಗಳನ್ನೂ ಎಣಿಸಿರಿ. ಸೊಲ್ಲಾಪುರದ ಆ ಮೊದಲ ಗಿರಾಕಿಯ ಬೇಡಿಕೆ ಪ್ರತಿ ವರ್ಷವೂ ಬರುತ್ತಿದೆ. ಅವರ ಮುಖವನ್ನು ಈ ದಂಪತಿಗಳು ಇಂದಿನವರೆಗೂ ಕಂಡಿಲ್ಲ. ಆದರೂ ಹೊಸ ಹಪ್ಪಳದ ಮೊದಲ ಕಟ್ಟನ್ನು ಅವರ ಹೆಸರಿನಲ್ಲಿಯೇ ತೆಗೆದಿಡುತ್ತಾರೆ.